ಚಕ್ಕೆಯ ಹಕ್ಕು

"ಇಳಿಸೋ ಅದನ್ನ ಹೆಗಲಿಂದ, ಕಳ್ಳ ಸೂಳೇಮಗನೆ!"

ಕಾವಲುಗಾರ ಮಡ್ಜ್ ಕೂಗಿದಾಗ ಹೆಪ್ಸಿ ಹಡಗುಕಟ್ಟೆಯ ಬಾಗಿಲಿನ ಹೊರಗೆ ನಿಂತಿದ್ದಳು. ಥೇಮ್ಸ್ ಮೇಲಿಂದ ಬರುವ ಗಾಳಿ ಮೂಳೆ ಕೊರೆಯುತ್ತಿತ್ತು. ಒಳಗೆ ಅವಳ ಗಂಡ ಜೇಬೆಜ್ ಮರದ ಕಟ್ಟು ಹೊತ್ತು ನಿಂತಿದ್ದ. ರಾಜನ ಹಡಗುಗಳಿಗೆ ಮರ ಕೆತ್ತುವ ಬಾಚಿ ಬೀಸಿ ಬೀಸಿ ಒಂದು ಕಡೆ ವಾಲಿದ ಹೆಗಲು ಅವನದು.

ಮರ ಕೆತ್ತಿ ಉಳಿದ ಚಕ್ಕೆ ಬಡಗಿಯದು. ಅದು ಮುತ್ತಜ್ಜನ ಕಾಲದ ಹಕ್ಕು. ಮೂರಡಿಗಿಂತ ಗಿಡ್ಡವಾದದ್ದೆಲ್ಲ ಚಕ್ಕೆಯೇ. ಹಾಗಾಗಿ ಆ ಊರಿನ ಕದ, ಕಪಾಟು, ತೊಟ್ಟಿಲು ಎಲ್ಲವೂ ಮೂರಡಿಯೊಳಗಿನ ತುಂಡುಗಳದ್ದೇ. ಒಳ್ಳೆಯ ಹಲಗೆಯನ್ನೂ ಬೇಕೆಂದೇ ಗಿಡ್ಡ ಮಾಡುವವರು ಇರಲಿಲ್ಲವೆಂದಲ್ಲ. ಹೊಟ್ಟೆ ಖಾಲಿಯಿದ್ದರೆ ಕೈ ಸುಮ್ಮನಿರುತ್ತದೆಯೇ? ಆ ಹಕ್ಕನ್ನು ನೌಕಾಪಡೆಯ ಅಧಿಕಾರಿ ಸರ್ ಆಂಬ್ರೋಸ್ ಹೋದ ವಾರ ರದ್ದು ಮಾಡಿದ್ದರು.

"ಕೂಸು ಹೋಗ್‌ಬಿಡ್ತು ಕಣೋ ಮಡ್ಜ್. ಹೂಳೋ ಪೆಟ್ಟಿಗೆಗೆ ಕಣೋ ಇದು," ಎಂದ ಜೇಬೆಜ್.

"ನಿನ್ ಕೂಸು ಸತ್ರೆ ರಾಜನ ಮರಕ್ಕೇನಾಗ್ಬೇಕು? ಚರ್ಚಿನ ಪೆಟ್ಟಿಗೆ ಐತಲ್ಲ, ಹೋಗಿ ಪಾದ್ರಿ ಕಾಲು ಹಿಡಿ."

ಆ ಪೆಟ್ಟಿಗೆ ಹೆಪ್ಸಿಗೆ ಗೊತ್ತಿತ್ತು. ಬಡವರಿಗೆಲ್ಲ ಚರ್ಚಿನದು ಒಂದೇ ಪೆಟ್ಟಿಗೆ. ಗುಂಡಿಯ ಮೇಲೆ ಹಿಡಿದು ತಳದ ಕೀಲು ಎಳೆದರೆ ಹೆಣ ದೊಪ್ಪನೆ ಬೀಳುತ್ತದೆ, ಪೆಟ್ಟಿಗೆ ಮುಂದಿನ ಬಡವನಿಗಾಗಿ ವಾಪಸು ಹೋಗುತ್ತದೆ. ಮೊದಲ ಮಗುವನ್ನು ಹಾಗೇ ಮಣ್ಣು ಮಾಡಿದ್ದರು. ಆ ಸದ್ದು ಅವಳ ಕಿವಿಯಿಂದ ಇನ್ನೂ ಹೋಗಿಲ್ಲ. ಈಗ ಹೋದ ಎರಡನೇ ಕೂಸು ಲೆಟ್ಟಿಯನ್ನು ಹಾಗೆ ಬೀಳಿಸಬಾರದೆಂದು ಬೆಳಿಗ್ಗೆ ಗಂಡನಿಂದ ಆಣೆ ಮಾಡಿಸಿಕೊಂಡಿದ್ದಳು.

ಗಲಾಟೆ ಕೇಳಿ ಸರ್ ಆಂಬ್ರೋಸ್ ತಾವೇ ಬಂದರು. ರಾಜನ ನೌಕಾಪಡೆಯ ಮರ, ಊಟ, ಔಷಧಿ ಎಲ್ಲದರ ಆಡಳಿತ ಇವರ ಕೈಯಲ್ಲೇ. ಕೆಟ್ಟವರಲ್ಲ. ನಾವಿಕರಿಗೆ ಹುಳು ಹಿಡಿದ ಬಿಸ್ಕತ್ತು ತುಂಬುತ್ತಿದ್ದ ಸಾಹುಕಾರರನ್ನು ಓಡಿಸಿದವರು. ಆಸ್ಪತ್ರೆಯಲ್ಲಿ ಒಂದೇ ಮಂಚಕ್ಕೆ ಮೂವರನ್ನು ಮಲಗಿಸುವುದನ್ನು ನಿಲ್ಲಿಸಿದವರು. ಜೇಬೆಜ್ ಅಟ್ಟಣಿಗೆಯಿಂದ ಬಿದ್ದು ಕಾಲು ಮುರಿದುಕೊಂಡಾಗ ಅವನಿಗೊಂದು ಮಂಚ ಸಿಕ್ಕಿದ್ದು ಇವರ ಪುಣ್ಯದಿಂದಲೇ. ಅಂದಿನಿಂದ ಪ್ರತಿ ಭಾನುವಾರ ಹೆಪ್ಸಿ ಪ್ರಾರ್ಥನೆಯಲ್ಲಿ ಇವರ ಹೆಸರು ಹೇಳುತ್ತಿದ್ದಳು. ಅದು ನೆನಪಾಗಿ ಈಗ ಅವಳಿಗೆ ಅಳು ಒತ್ತರಿಸಿ ಬಂತು.

"ಬಿಚ್ಚು ಅದನ್ನ," ಎಂದರು.

ಮಡ್ಜ್ ಹಗ್ಗ ಕತ್ತರಿಸಿದ. ಹಲಗೆಗಳು ಕಲ್ಲಿನ ಮೇಲೆ ಚದುರಿದವು. ಒಂದೊಂದನ್ನೂ ಒಬ್ಬೊಬ್ಬ ಬಡಗಿ ನುಣ್ಣಗೆ ಹೆರೆದು ಕೊಟ್ಟಿದ್ದ. ಬೆಣೆಗೆ ತೂತೂ ಕೊರೆದಿತ್ತು. ತಲೆಯ ಕಡೆ ಅಗಲ, ಕಾಲಿನ ಕಡೆ ಕಿರಿದು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸರ್ ಆಂಬ್ರೋಸ್ ಟೋಪಿ ತೆಗೆದರು.

"ಎಷ್ಟು ವರ್ಷ?"

"ಎರಡು ತುಂಬಿರ್ಲಿಲ್ಲ ದೊರೆ," ಎಂದ ಜೇಬೆಜ್.

"ನೋಡಪ್ಪ, ಇವತ್ತು ನಿನಗೆ ಬಿಟ್ಟರೆ ನಾಳೆ ಎಲ್ಲರಿಗೂ ಬಿಡಬೇಕು. ಚಕ್ಕೆ ಚಕ್ಕೆ ಅಂತ ಒಳ್ಳೇ ಮರಾನೆಲ್ಲ ಹೊತ್ಕೊಂಡು ಹೋಗಿ, ಕೊಳೆತ ಮರದಲ್ಲಿ ಕಟ್ಟಿದ ಹಡಗು ಸೋರಿ ಹುಡುಗರು ಮುಳುಗಿದ್ದನ್ನ ನಾನು ಕಣ್ಣಾರೆ ಕಂಡಿದೀನಿ." ಬಾಗಿ ಒಂದು ಹಲಗೆ ಎತ್ತಿ ಮತ್ತೆ ಕೆಳಗಿಟ್ಟರು. "ಹಾಯಿಬಟ್ಟೆ ಕೊಡಿಸ್ತೀನಿ. ನನ್ನ ತಮ್ಮನ್ನೂ ಅದರಲ್ಲೇ ಸುತ್ತಿ ಸಮುದ್ರಕ್ಕೆ ಬಿಟ್ವಿ."

"ನಿಮ್ ತಮ್ಮ ಸಮುದ್ರಕ್ಕೋಗಿ ಸತ್ರು ದೊರೆ," ಹೆಪ್ಸಿ ಹೊರಗಿನಿಂದಲೇ ಅಂದಳು. "ನನ್ ಕೂಸು ಚಳೀಗೆ ಸತ್ತಿದ್ದು. ಹೋದ ವಾರದಿಂದ ಒಲೆಗೆ ಚಕ್ಕೆ ಇರ್ಲಿಲ್ಲ."

"ಬಾಯ್ ಮುಚ್ಚೇ ಮುಂಡೆ!"

ಸರ್ ಆಂಬ್ರೋಸ್ ಕೈಯೆತ್ತಿ ಮಡ್ಜ್‌ನನ್ನು ತಡೆದರು. ಆಮೇಲೆ, "ನಾನೇ ಮಾಡಿದ ಕಾನೂನನ್ನ ನಾನೇ ಮುರಿಯೋಕಾಗಲ್ಲಮ್ಮ. ಮರ ಬಾಗಿಲು ದಾಟೋ ಹಾಗಿಲ್ಲ," ಎಂದರು.

ಹೆಪ್ಸಿ ಮಡ್ಜ್‌ನನ್ನು ತಳ್ಳಿಕೊಂಡು ಒಳಗೆ ಬಂದಳು. ಹಲಗೆಗಳ ನಡುವೆ ಕೂತು ಗಂಡನ ಸೊಂಟದಿಂದ ಬೆಣೆ ಬಡಿಯುವ ಕೊಡತಿ ಎಳೆದುಕೊಂಡಳು.

"ಹಿಡ್ಕೊ," ಎಂದಳು.

ಅವನು ಹಲಗೆ ಹಿಡಿದ, ಅವಳು ಬೆಣೆ ಬಡಿದಳು. ಎರಡು ಸಲ ಬೆರಳಿಗೇ ಪೆಟ್ಟು ಬಿತ್ತು. ಸಂಜೆ ಕೆಲಸ ಮುಗಿದ ಗಂಟೆಯಾಗಿ ಬಡಗಿಗಳು ಬಾಗಿಲಿಗೆ ಬಂದರೂ ಒಬ್ಬನೂ ಹೊರಗೆ ಹೋಗಲಿಲ್ಲ. ಮುಚ್ಚಳವೊಂದು ಬಿಟ್ಟು ಪೆಟ್ಟಿಗೆ ಮುಗಿಯಿತು. ಅವಳು ಒಳಗೆ ಕೈಯಾಡಿಸಿ ಎಲ್ಲೂ ಸಿಬಿರು ಎದ್ದಿಲ್ಲವೆಂದು ನೋಡಿಕೊಂಡಳು.

"ಇದು ಆಚೆಗೆ ಹೋಗೋ ಹಂಗಿಲ್ಲ, ಅಲ್ವಾ ದೊರೆ?"

ಅವರು ಹೌದೆಂದು ತಲೆಯಾಡಿಸಿದರು.

"ಆಗ್ಲಿ. ಕೂಸು ಒಳಿಕ್ಕೆ ಬರ್‌ಬಾರ್ದು ಅಂತ ಕಾನೂನು ಮಾಡಿಲ್ಲ ತಾನೆ?" ಎದ್ದು ಹರಕು ಶಾಲನ್ನು ಬಿಗಿದುಕೊಂಡಳು. "ಇಲ್ಲೇ ಗುಂಡಿ ತೋಡು ಜೇಬೆಜ್. ನಾ ಹೋಗಿ ಕೂಸ್ನ ತತ್ತೀನಿ."

ಬಡಗಿಗಳು ದಾರಿ ಬಿಟ್ಟರು. ಯಾರೋ ಜೇಬೆಜ್‌ನ ಕೈಗೆ ಹಾರೆ ಕೊಟ್ಟರು. ಅವನು ಅದನ್ನು ರಾಜನ ಬಾಗಿಲಿನ ನಟ್ಟನಡುವಿನ ಕಲ್ಲಿನ ಸಂದಿಗೆ ತೂರಿಸಿ ಮೀಟಿದ.