ಹಗ್ಗದ ಆ ಕಡೆಯ ತುದಿ

"ಏಯ್, ಕಣ್ಣು ಕಾಣಲ್ವೇನೇ? ಆ ಗಬ್ಬು ಬಟ್ಟೆ ಹಿಡ್ಕೊಂಡು ಚಿತ್ರದ ಹತ್ರ ಬರಬೇಡ. ಫಸ್ಟ್ ಪ್ರೈಜ್ ಬಂದಿರೋದು ಅದಕ್ಕೇ!"

ಸಭಾಭವನದ ಮೇಲ್ವಿಚಾರಕ ಬೈದ. ನೆಲ ಒರೆಸುತ್ತಿದ್ದವಳು ತಲೆ ಎತ್ತಿದಳು. ಗೋಡೆಯ ಮೇಲೆ ಅವಳ ಸತ್ತ ಗಂಡನಿದ್ದ.

ಬಡಾವಣೆಯವರ ಚಿತ್ರ ಸ್ಪರ್ಧೆ. ವಿಷಯ, ಎಲ್ಲರಿಗೂ ಸಮಾನ ಹಕ್ಕು. ಪತ್ರಿಕೆಯಲ್ಲಿ ಬಂದಿದ್ದ ಫೋಟೊ ನೋಡಿಕೊಂಡು ಯಾರೋ ಕಾಲೇಜು ಹುಡುಗಿ ಬರೆದಿದ್ದಳು. ಚರಂಡಿ ಗುಂಡಿಯಲ್ಲಿ ಎದೆಮಟ್ಟ ಇಳಿದ ಗಂಡಸು, ಮೇಲಕ್ಕೆತ್ತಿದ ಮುಖ, ತೆರೆದ ಬಾಯಿ. ಹರಿದ ಕಿವಿಯನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಗಿತ್ತಿ.

"ಆ ಬಾಯಿ ನೋಡಿ, ನ್ಯಾಯಕ್ಕಾಗಿ ಕೂಗು!" ಎಂದರು ತೀರ್ಪುಗಾರರು, ಒರೆಸಿದ ನೆಲ ತುಳಿಯುತ್ತಾ.

ಅವನು ಏನು ಕೂಗುತ್ತಿದ್ದ ಎಂಬುದು ಹೆಂಡತಿಗೆ ಗೊತ್ತಿತ್ತು. ಗುಂಡಿಗೆ ಇಳಿಯುವವರ ಪದ್ಧತಿಯೇ ಅದು. ಸೊಂಟಕ್ಕೆ ಹಗ್ಗ ಬಿಗಿದು ಇಳಿದವನು ಆಗಾಗ "ಹಿಡಿದಿದೀಯಾ?" ಎಂದು ಕೇಳಬೇಕು, ಮೇಲೆ ನಿಂತವನು "ಹಿಡಿದಿದೀನಿ" ಎನ್ನಬೇಕು. ಅವತ್ತು ಮೇಲೆ ನಿಂತವನನ್ನು ಕಂಟ್ರಾಕ್ಟರ್ ಬೇರೆ ಗುಂಡಿಗೆ ಅಟ್ಟಿದ್ದ. "ಹಗ್ಗ ಹಿಡಿಯೋಕೂ ಒಬ್ಬ ಬೇಕೇನ್ರೋ, ಸೋಂಬೇರಿ ಸೂಳೆಮಕ್ಳಾ?" ಎಂದಿದ್ದನಂತೆ. ಗಂಡ ವಿಷಗಾಳಿಗೆ ಸಿಕ್ಕಿ ಸತ್ತಾಗ ಹಗ್ಗದ ಈ ಕಡೆಯ ತುದಿ ರಸ್ತೆಯಲ್ಲಿ ಬಿದ್ದಿತ್ತು. ಹೆಣದ ಜೊತೆ ಹಗ್ಗವೂ ಮನೆಗೆ ಬಂತು.

ಅಂದಿನಿಂದ ಒಲೆ ಹಚ್ಚಿದರೂ ಅದೇ ಕೂಗು, ನಲ್ಲಿ ತಿರುಗಿಸಿದರೂ ಅದೇ ಕೂಗು. ಅವಳು ನೊಂದು ಹಣ್ಣಾಗಿದ್ದಳು.

"ನಂಗೂ ಕೇಳುತ್ತೆ ಕಣೇ," ಎಂದಳು ಅತ್ತೆ ಆ ರಾತ್ರಿ, ಮನೆಯ ಮೂಲೆಯಲ್ಲಿ ಮುದುಡಿಕೊಂಡು. "ನನ್ನ ಮಗನಿಗೆ ಓ ಅನ್ನೋರೇ ಇಲ್ವೇನೇ?"

"ಅನ್ನಬೇಕಾದೋನು ಬದುಕಿದಾನೆ, ಅತ್ತೆ. ನಾಳೆ ಬಹುಮಾನ ಕೊಡೋಕೆ ಬರ್ತಾನೆ."

ಮೊಳೆಯಿಂದ ಹಗ್ಗ ಇಳಿಸಿ ಬಕೆಟ್ಟಿಗೆ ಹಾಕಿಕೊಂಡಳು.

ಮರುದಿನ ಬಹುಮಾನ ಕೊಡಲು ಬಂದವನು ಆ ಕಂಟ್ರಾಕ್ಟರೇ. ಸ್ಪರ್ಧೆಯ ಖರ್ಚೆಲ್ಲ ಅವನದು. ಕೊರಳಿಗೆ ಹಾರ, ಬಾಯಿಗೆ ಮೈಕು. "ಈ ಚಿತ್ರದಲ್ಲಿರೋನು ನನ್ನ ಮಗನಿದ್ದ ಹಾಗೆ ಇದ್ದ. ಎಂಥಾ ಕೆಲಸಗಾರ!" ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡುತ್ತಿತ್ತಂತೆ. ಜನ ಚಪ್ಪಾಳೆ ತಟ್ಟಿದರು.

"ಹೊರಗೆ ನಿಂತ್ಕೊಳೇ, ಫೋಟೊದಲ್ಲಿ ಬೀಳ್ತೀಯ," ಎಂದು ಮೇಲ್ವಿಚಾರಕ ಗದರಿದ. ಅವಳು ಒಳಗೆ ನಡೆದಳು. ಚಿತ್ರದ ಚೌಕಟ್ಟಿಗೆ ಹಗ್ಗ ಬಿಗಿದಳು, ಗಂಡ ಹಾಕುತ್ತಿದ್ದ ಗಂಟಿನಲ್ಲೇ. ಸುರುಳಿ ಬಿಚ್ಚುತ್ತಾ ಕುರ್ಚಿಗಳ ನಡುವೆ ಹಾದು ವೇದಿಕೆ ಹತ್ತಿ, ಇನ್ನೊಂದು ತುದಿಯನ್ನು ಕಂಟ್ರಾಕ್ಟರನ ಕೈಗೆ ತುರುಕಿದಳು.

"ಹಿಡ್ಕೊಳೋ."

"ಯಾರೇ ನೀನು? ಏನಿದು?"

"ಹಿಡಿದಿದೀಯಾ ಅಂತ ಕೇಳ್ತಿದಾನೆ ನನ್ನ ಗಂಡ. ಬಾಯಿ ಬಿಡೋ, ಬೋಳಿಮಗನೇ. ಮೈಕಿದೆಯಲ್ಲ, ಅದರಲ್ಲೇ ಹೇಳು."

ಅವನು ಹಾವು ಮುಟ್ಟಿದವನಂತೆ ಕೈ ಕೊಡವಿದ. ಅವಳು ಬಗ್ಗಿ ತುದಿ ಎತ್ತಿ, ಅವನ ಅಂಗೈಗೆ ಸುತ್ತಿದಳು. ಮೇಲ್ವಿಚಾರಕ ರಟ್ಟೆ ಹಿಡಿದು ಎಳೆದರೂ ಕದಲಲಿಲ್ಲ. ಮೈಕಿನಲ್ಲಿ ಕಂಟ್ರಾಕ್ಟರನ ಏದುಸಿರು ಮಾತ್ರ ಭವನದ ತುಂಬ ಕೇಳುತ್ತಿತ್ತು.

ನೆಲದ ಮೇಲೆ ಸಡಿಲವಾಗಿ ಬಿದ್ದಿದ್ದ ಹಗ್ಗ ಮೆಲ್ಲಗೆ ಮೇಲೆದ್ದಿತು. ಬಿಗಿಯಾಯಿತು. ಚಿತ್ರದ ಕಡೆಯಿಂದ ಯಾರೋ ಎಳೆಯುತ್ತಿದ್ದರು.