ಜೋಡಿ ಗೀರು

ನಾನು ಉಕ್ಕಿನ ಮೊನೆಯ ಒಂದು ಲೇಖನಿ. ಲೇಖನಿ ಎಂದರೂ ನನ್ನ ಹೊಟ್ಟೆಯಲ್ಲಿ ಶಾಯಿಯಿಲ್ಲ. ಮೇಣದ ಕಾಗದವನ್ನು ಅರದಂಥ ಒರಟು ತಗಡಿನ ಮೇಲೆ ಹಾಸಿ ನನ್ನಿಂದ ಗೀಚುತ್ತಾರೆ. ಗೀಚಿದಲ್ಲಿ ಮೇಣ ಏಳುತ್ತದೆ. ಆಮೇಲೆ ಅದರ ಮೇಲೆ ಶಾಯಿಯ ಉರುಳೆ ಓಡಿಸಿದರೆ ಕೆಳಗಿನ ಹಾಳೆಗೆ ಅಕ್ಷರ ಇಳಿಯುತ್ತದೆ. ಓದುವವರಿಗೆ ಶಾಯಿ ಕಾಣುತ್ತದೆ, ನಾನು ಕಾಣುವುದಿಲ್ಲ. ಹಾಗೆ ಕಾಣದೆ ಇರುವುದು ನನಗೆ ಇಷ್ಟವೇ ಆಗಿತ್ತು.

ಹುಟ್ಟಿದ್ದು ಕೊರಿಯಾದಲ್ಲಿ, ಸಿಯೋಲ್ ನಗರದ ಅಚ್ಚುಮನೆಗಳ ಹಿಂದಿನ ಒಂದು ಓಣಿಯಲ್ಲಿ. ಒಬ್ಬ ಮುದುಕ ಉಕ್ಕಿನ ತಂತಿಯನ್ನು ಕಾಯಿಸಿ, ಎಣ್ಣೆಗೆ ಅದ್ದಿ, ಸಾಣೆ ಹಿಡಿದು ಮರದ ಹಿಡಿಗೆ ಕೂರಿಸಿದ. ನನ್ನನ್ನು ಕೊಂಡವರು ದಕ್ಷಿಣದ ಸಣ್ಣ ಊರೊಂದರ ಓಕ್ ಮೇಷ್ಟ್ರು. ಹದಿನಾರು ವರ್ಷ ಅವರ ಕೈಯಲ್ಲಿ ಪ್ರಶ್ನೆಪತ್ರಿಕೆ ಬರೆದೆ. ಎದುರಿಗೆ ಅವರ ಮಗಳು ಇನ್‌ಸುನ್ ಕೂತು ಮೇಣದ ಕಾಗದದ ಅಂಚು ಹಿಡಿದುಕೊಳ್ಳುತ್ತಿದ್ದಳು. ಮಾತು ಕಡಿಮೆಯ ಹುಡುಗಿ. ಬೆಳೆದಂತೆ ಅವಳ ಕೈಗೂ ನನ್ನನ್ನು ಕೊಟ್ಟರು.

"ಒತ್ತಬೇಡ ಮಗಾ. ಒತ್ತಿದ್ರೆ ಹರಿಯತ್ತೆ. ಹಾಗಂತ ಹೆದರ್ಕೊಂಡು ಬರೆದ್ರೆ ಮೂಡೋದೇ ಇಲ್ಲ."

ಅವಳ ಅಕ್ಷರ ಅಪ್ಪನದಕ್ಕಿಂತ ದುಂಡಗಾಯಿತು. ಶಾಲೆಗೆ ಹೊಸ ಯಂತ್ರ ಬಂದ ವರ್ಷವೇ ಅವಳು ಸಿಯೋಲಿನ ಕಾಲೇಜಿಗೆ ಹೊರಟಳು. ಮೇಷ್ಟ್ರು ನನ್ನನ್ನು ಕರವಸ್ತ್ರದಲ್ಲಿ ಸುತ್ತಿ ಅವಳ ಪೆಟ್ಟಿಗೆಗೆ ಹಾಕಿದರು.

"ಅಲ್ಲಿ ಇದ್ಯಾಕಪ್ಪಾ?"

"ಇರ್ಲಿ ಬಿಡು. ದಾರದ ಗಂಟು ಬಿಚ್ಚೋಕಾದ್ರೂ ಬರತ್ತೆ."

ಆಗ ದೇಶವನ್ನು ಸೇನೆಯ ದಂಡನಾಯಕರು ಆಳುತ್ತಿದ್ದರು. ಕಾಲೇಜಿನ ಗೇಟಿನಲ್ಲಿ ಪೊಲೀಸರು, ಗಾಳಿಯಲ್ಲಿ ಅಶ್ರುವಾಯುವಿನ ಘಾಟು. ಇನ್‌ಸುನ್ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಅವಳಿಗಿಂತ ಒಂದು ವರ್ಷ ದೊಡ್ಡವಳಾದ ಮಿರ್ಯೊಂಗ್ ಇದ್ದಳು. ಜೋರು ನಗು, ಜೋರು ಹಸಿವು. ನನ್ನನ್ನು ಮೊದಲು ಗುರುತಿಸಿದವಳು ಅವಳೇ.

"ಲೇ, ಇದು ನಿಂದಾ? ಬರೆಯೋಕೆ ಬರತ್ತಾ? ಅಯ್ಯೋ ಪುಣ್ಯಾತ್ಗಿತ್ತಿ, ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ!"

"ನೀವು ಕೇಳ್ಲಿಲ್ಲ ಅಕ್ಕಾ."

ಹೀಗೆ ನಾವು ಓದುಕೂಟ ಎಂಬ ಹೆಸರಿನ ಒಂದು ಗುಂಪಿಗೆ ಸೇರಿದೆವು. ಹದಿನಾಲ್ಕು ಮಂದಿ, ಒಂದು ಕೋಣೆ, ಒಂದು ಟೀ ಕೆಟಲ್. ಅಲ್ಲಿ ಹುಡುಗಿಯರೂ ಹಿರಿಯ ಹುಡುಗರನ್ನು 'ಹ್ಯೊಂಗ್' ಎನ್ನುತ್ತಿದ್ದರು. ಅದು ಗಂಡುಮಕ್ಕಳು ತಮ್ಮ ಅಣ್ಣನನ್ನು ಕರೆಯುವ ಮಾತು. ಆ ಗುಂಪಿನ ಹಿರಿಯ ಚಾಂಗ್‌ಹೊ. ತೆಳ್ಳಗೆ, ಕನ್ನಡಕ, ನಗುವುದಕ್ಕೂ ಕಾರಣ ಹುಡುಕುವ ಮನುಷ್ಯ. ಇನ್‌ಸುನ್ ಭಾನುವಾರ ಬೆಳಿಗ್ಗೆ ರೇಡಿಯೋ ಜೋರಾಗಿ ಹಾಕಿ ನನ್ನ ಗೀಚುವ ಸದ್ದನ್ನು ಮುಚ್ಚಿ ಕರಪತ್ರ ಬರೆಯುತ್ತಿದ್ದಳು. ಕೈಬರಹ ಪೊಲೀಸರಿಗೆ ಸಿಗಬಾರದೆಂದು ಸ್ಕೇಲ್ ಇಟ್ಟು ನೆಟ್ಟಗೆ ಬರೆಯಬೇಕಿತ್ತು. ಅವಳ ದುಂಡನೆಯ ಅಕ್ಷರ ಹಾಗೆ ಹೋಯಿತು.

ಇನ್ನೊಂದು ನಿಯಮವಿತ್ತು. ಯಾರು ಎಲ್ಲಿಗೆ ಹೋಗುತ್ತಾರೆ, ಯಾರನ್ನು ಕಾಣುತ್ತಾರೆ ಎಂದು ಕೇಳಬಾರದು. ಗೊತ್ತಿಲ್ಲದ್ದನ್ನು ಎಷ್ಟು ಹೊಡೆದರೂ ಬಾಯಿಬಿಡಿಸಲು ಆಗುವುದಿಲ್ಲವಲ್ಲ. ಸ್ನೇಹಿತರು ಒಬ್ಬರನ್ನೊಬ್ಬರು ಕಾಪಾಡುತ್ತಿದ್ದದ್ದು ಹಾಗೆ, ಕೇಳದೆ.

ಎರಡನೇ ವರ್ಷ ಗುಂಪು ಒಡೆಯಿತು. ದೇಶವನ್ನು ಎರಡಾಗಿ ಸೀಳಿ ಕೂತ ಪರದೇಶದ ಸೈನ್ಯವೇ ಎಲ್ಲ ಕೇಡಿನ ಬೇರು, ಮೊದಲು ಅದನ್ನು ಕೀಳಬೇಕು ಎಂದು ಚಾಂಗ್‌ಹೊ. ಬೇರು ಇರುವುದು ಕಾರ್ಖಾನೆಯಲ್ಲಿ, ಕಾರ್ಮಿಕರ ಜೊತೆ ನಿಲ್ಲದೆ ಬೇರೇನು ಮಾಡಿದರೂ ವ್ಯರ್ಥ ಎಂದು ಮಿರ್ಯೊಂಗ್. ಮೂರು ಭಾನುವಾರ ವಾದ ನಡೆಯಿತು. ಮೂರನೆಯ ಭಾನುವಾರ ಚಾಂಗ್‌ಹೊ ಮೇಜು ಗುದ್ದಿದಾಗ ನಾನು ಉರುಳಿ ಸಿಮೆಂಟಿನ ನೆಲಕ್ಕೆ ಬಿದ್ದೆ. ಮೊನೆ ಕೂದಲೆಳೆಯಷ್ಟು ಸೀಳಿತು. ಅಂದಿನಿಂದ ನಾನು ಎಳೆದ ಗೆರೆಯ ಕೊನೆಯಲ್ಲಿ ಎರಡು ಗೀರು ಮೂಡುತ್ತಿದ್ದವು. ಹತ್ತಿರ ಹಿಡಿದು ನೋಡಿದರೆ ಮಾತ್ರ ಕಾಣುವಂಥವು. ಯಾರೂ ನೋಡಲಿಲ್ಲ. ಮರುವಾರ ಕೋಣೆಯಲ್ಲಿ ಎರಡು ಕೆಟಲ್ ಇದ್ದವು.

ಇನ್‌ಸುನ್ ಚಾಂಗ್‌ಹೊನ ಕಡೆ ಉಳಿದಳು. ಯಾಕೆ ಎಂದು ಅವಳಿಗೂ ಸರಿಯಾಗಿ ತಿಳಿದಿರಲಿಲ್ಲವೇನೋ. ಬರೆಯುವ ತಗಡು ಆ ಕಡೆ ಇತ್ತು. ಆಮೇಲೆ ಬಂದ ಕರಪತ್ರಗಳಲ್ಲಿ ದಂಡನಾಯಕರ ವಿರುದ್ಧ ಎರಡು ಸಾಲು, ಇನ್ನೊಂದು ಗುಂಪಿನ ವಿರುದ್ಧ ಎರಡು ಪುಟ. ನಾನು ಎಲ್ಲವನ್ನೂ ಒಂದೇ ಆಳಕ್ಕೆ ಬರೆದೆ.

ಮಿರ್ಯೊಂಗ್ ಓದು ಬಿಟ್ಟಳು. ಬೇರೆಯವರ ಗುರುತಿನ ಚೀಟಿ ಇಟ್ಟುಕೊಂಡು ಯಾವುದೋ ಕಾರ್ಖಾನೆಗೆ ಕೂಲಿಗೆ ಸೇರಿದಳು. ಆಗ ಎಷ್ಟೋ ವಿದ್ಯಾರ್ಥಿಗಳು ಹಾಗೆ ಮಾಡುತ್ತಿದ್ದರು, ಸಿಕ್ಕಿಬಿದ್ದರೆ ಜೈಲು. ಯಾವ ಕಾರ್ಖಾನೆ ಎಂದು ಅವಳು ಹೇಳಲಿಲ್ಲ, ಇನ್‌ಸುನ್ ಕೇಳಲಿಲ್ಲ. ಬಟ್ಟೆ, ಹಾಸಿಗೆ ಮಾತ್ರ ನಮ್ಮ ಕೋಣೆಯಲ್ಲೇ ಇದ್ದವು. ರಜೆ ಸಿಕ್ಕರೆ ಬರುತ್ತಿದ್ದಳು. ಬೆರಳ ತುದಿಯಲ್ಲಿ ಬೆಸುಗೆಯ ಸುಟ್ಟ ಕಲೆಗಳು.

ಅಂಥ ಒಂದು ಭಾನುವಾರ ಇನ್‌ಸುನ್ ಸಾರ್ವಜನಿಕ ಸ್ನಾನದ ಮನೆಗೆ ಹೋಗಿದ್ದಳು. ಮಿರ್ಯೊಂಗ್ ಮೇಜಿನ ಮೇಲಿದ್ದ ತಗಡಿಗೆ ಮೇಣದ ಕಾಗದ ಹಾಸಿ, ನನ್ನನ್ನು ಕರವಸ್ತ್ರದಿಂದ ಬಿಚ್ಚಿದಳು. ನಾಲಿಗೆ ಕಚ್ಚಿಕೊಂಡು, ತುಂಬ ಒತ್ತಿ, ಅಂಗೈಯಗಲದ ಒಂದು ಕರಪತ್ರ ಬರೆದಳು. ಅದು ಅವಳ ಕಾರ್ಖಾನೆಯ ಹೆಣ್ಣುಮಕ್ಕಳಿಗೆ. ಮೊದಲ ಸಾಲಿನಲ್ಲೇ ಕಾರ್ಖಾನೆಯ ಹೆಸರಿತ್ತು. ರೇಡಿಯೋ ಮಾಡುವ ಕಾರ್ಖಾನೆ. ಹೀಗೆ ಅವಳು ಎಲ್ಲಿದ್ದಾಳೆಂದು ನನಗೆ ಮಾತ್ರ ತಿಳಿಯಿತು.

ಇನ್‌ಸುನ್ ಒದ್ದೆ ಕೂದಲಲ್ಲಿ ಮರಳಿದಾಗ ಮೇಜಿನ ಮೇಲೆ ಮೇಣದ ಪುಡಿ ಬಿದ್ದಿತ್ತು. ನೋಡಿದಳು. ಅಂಗೈಯಿಂದ ಸವರಿ ಕಿಟಕಿಯಾಚೆ ಉದುರಿಸಿದಳು.

"ಅಕ್ಕಾ, ಗೆಣಸು ಬೇಯ್ಸಲಾ?"

"ಬೇಯ್ಸು ಮಾರಾಯ್ತಿ. ಅಲ್ಲಿ ಕೊಡೋ ಅನ್ನ ನೋಡಿದ್ರೆ ನಾಯೀನೂ ಸಂಪು ಹೂಡತ್ತೆ."

ಒಂದು ತಿಂಗಳ ಮೇಲೆ ಚಾಂಗ್‌ಹೊ ಒಂದು ಬರಹ ತಂದ. ಇನ್ನೊಂದು ಗುಂಪಿನವರು ಕಾರ್ಮಿಕರ ವೇಷ ಹಾಕಿ ನಾಟಕವಾಡುತ್ತಿದ್ದಾರೆ, ನಿಜವಾದ ಹೋರಾಟದಿಂದ ಓಡಿಹೋಗಿದ್ದಾರೆ ಎಂದು ಬರಹ. ಉದಾಹರಣೆಗೆ ಎಂದು ಒಂದು ಕಾರ್ಖಾನೆಯ ಹೆಸರು. ಅದೇ ಹೆಸರು.

ಇನ್‌ಸುನ್ ಆ ಸಾಲಿನ ಹತ್ತಿರ ಬಂದು ನಿಂತಳು. "ಹ್ಯೊಂಗ್, ಕಾರ್ಖಾನೆ ಹೆಸರು ಹಾಕ್ಲೇಬೇಕಾ?"

"ಹೆಸರಿಲ್ದಿದ್ರೆ ಗಾಳಿಮಾತು ಅಂತಾರೆ. ಮನುಷ್ಯರ ಹೆಸರು ಹಾಕಿಲ್ವಲ್ಲ."

"ಅಲ್ಲಿ... ಯಾರಿದ್ದಾರೆ?"

ಚಾಂಗ್‌ಹೊ ಕನ್ನಡಕ ತೆಗೆದು ಅವಳನ್ನು ನೋಡಿದ. "ಇನ್‌ಸುನ್, ನೀನು ಹೀಗೆ ಕೇಳೋದಾ? ನಂಗೂ ಗೊತ್ತಿಲ್ಲ. ಗೊತ್ತಿರಬಾರ್ದು ಕೂಡ."

ಅವಳ ಕಿವಿ ಕೆಂಪಾಯಿತು. ತಲೆ ತಗ್ಗಿಸಿ ಸ್ಕೇಲ್ ಇಟ್ಟಳು.

ನಾನು ಮುರಿಯಬಹುದಿತ್ತು. ಮುರಿಯಲಿಲ್ಲ. ಆ ಮುದುಕ ಉಕ್ಕನ್ನು ಚೆನ್ನಾಗಿ ಹದ ಮಾಡಿದ್ದ. ಹೆಸರು ಅಚ್ಚುಕಟ್ಟಾಗಿ ಮೂಡಿತು.

ಕರಪತ್ರವನ್ನು ವಿದ್ಯಾರ್ಥಿಗಳು ಓದಿದರು. ಪೊಲೀಸರೂ ಓದಿದರು. ನಾಲ್ಕನೆಯ ದಿನ ಮನೆಯೊಡತಿ ಬಾಗಿಲಿಗೆ ಬಂದಳು. ಇನ್‌ಸುನ್ ಅಕ್ಕಿ ತೊಳೆಯುತ್ತಿದ್ದಳು.

"ನಿನ್ ಜೊತೆ ಇದ್ಳಲ್ಲ, ಆ ದೊಡ್ಡ ಹುಡುಗಿ. ಯಾವ್ದೋ ರೇಡಿಯೋ ಕಾರ್ಖಾನೇಲಿ ಸಿಕ್ಕಿಬಿದ್ಳಂತೆ ಕಣಮ್ಮ. ಸುಳ್ಳು ಹೆಸರಲ್ಲಿ ಇದ್ಳಂತೆ. ಇನ್ನೂ ಇಬ್ರು ಅಂತೆ."

"ಹೌದಾ," ಎಂದಳು ಇನ್‌ಸುನ್. ಅಕ್ಕಿ ತೊಳೆದಳು. ನೀರು ತಿಳಿಯಾಯಿತು. ಮತ್ತೆ ನೀರು ಹಾಕಿ ತೊಳೆದಳು. ಮತ್ತೆ ಹಾಕಿದಳು. ಅವಳು ಅಳುತ್ತಾಳೆಂದು ಕಾದೆ. ಅಳಲಿಲ್ಲ. ಅಂದಿನಿಂದ ಬರೆಯಲೆಂದು ನನ್ನನ್ನು ಮುಟ್ಟಲೂ ಇಲ್ಲ.

ಹದಿನಾಲ್ಕು ತಿಂಗಳ ಮೇಲೆ ಮಿರ್ಯೊಂಗ್ ಜೈಲಿನಿಂದ ಬಿಡುಗಡೆಯಾಗಿ ಹಾಸಿಗೆ ಒಯ್ಯಲು ಬಂದಳು. ನಗು ಚಿಕ್ಕದಾಗಿತ್ತು. ಮೇಜಿನ ಮೇಲಿದ್ದ ನನ್ನನ್ನು ಎತ್ತಿ ಹೆಬ್ಬೆರಳಿಂದ ಮೊನೆ ಸವರಿದಳು.

"ಪೊಲೀಸ್ರು ಎರಡು ಕಾಗದ ಮುಂದಿಟ್ರು. ನಾನು ಬರೆದಿದ್ದೊಂದು, ನಿಮ್ ಗುಂಪಿಂದೊಂದು. ಎರಡ್ರಲ್ಲೂ ಗೆರೆ ಕೊನೇಲಿ ಜೋಡಿ ಗೀರು. ಒಂದೇ ಲೇಖನಿ, ಯಾರದ್ದು ಹೇಳು ಅಂದ್ರು."

ಇನ್‌ಸುನ್ ಅವಳ ಹಾಸಿಗೆಗೆ ಹಗ್ಗ ಬಿಗಿಯುತ್ತಿದ್ದಳು. "ಏನಂದ್ರಿ?"

"ಗೊತ್ತಿಲ್ಲ ಅಂದೆ. ಇನ್ನೇನು ಅನ್ಲಿ." ನನ್ನನ್ನು ಮೇಜಿನ ಮೇಲಿಟ್ಟು ಕೇಳಿದಳು. "ನಾನಲ್ಲಿದ್ದೆ ಅಂತ ನಿಂಗೆ ಗೊತ್ತಿತ್ತಾ?"

"ಇಲ್ಲ ಅಕ್ಕಾ."

"ಸರಿ. ಅಲ್ಲಿ ನಾನಿಲ್ದೆ ಬೇರೆ ಯಾರೋ ಮಾತ್ರ ಇದ್ದಿದ್ರೆ?"

ಇನ್‌ಸುನ್ ಹಗ್ಗದ ಕೊನೆಯ ಗಂಟು ಬಿಗಿದಳು. ಮಿರ್ಯೊಂಗ್ ಹಾಸಿಗೆ ಹೊತ್ತು ಮೆಟ್ಟಿಲಿಳಿದಳು.

ವರ್ಷಗಳು ಕಳೆದವು. ದಂಡನಾಯಕರು ಹೋದರು, ಚುನಾವಣೆಗಳು ಬಂದವು. ಚಾಂಗ್‌ಹೊ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಾನಂತೆ. ಇನ್‌ಸುನ್ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದಳು. ನಾನು ಅವಳ ಅಡುಗೆಮನೆಯ ಡ್ರಾಯರಿನಲ್ಲಿದ್ದೇನೆ, ಚಮಚಗಳ ಜೊತೆ. ಗೆಣಸು ಬೆಂದಿದೆಯೇ ಎಂದು ಚುಚ್ಚಿ ನೋಡುವುದು ಈಗ ನನ್ನ ಕೆಲಸ. ಈ ಕೆಲಸದಲ್ಲಿ ಯಾರ ಹೆಸರೂ ಇರುವುದಿಲ್ಲ.

ಮಿರ್ಯೊಂಗ್ ಕೆಲವು ವರ್ಷಗಳಿಂದ ನವೆಂಬರಿನಲ್ಲಿ ಬರುತ್ತಾಳೆ. ಚಳಿಗಾಲಕ್ಕೆ ಕಿಮ್ಚಿ ಎಂಬ ಎಲೆಕೋಸಿನ ಉಪ್ಪಿನಕಾಯಿ ಹಾಕುವ ಕಾಲ ಅದು. ಒಬ್ಬರಿಂದ ಆಗುವ ಕೆಲಸವಲ್ಲ. ಇಬ್ಬರೂ ನೆಲದ ಮೇಲೆ ಕೂತು ಎಲೆಕೋಸಿನ ಎಲೆ ಎಲೆಗೂ ಮೆಣಸಿನ ಮಸಾಲೆ ಸವರುತ್ತಾರೆ. ಉಪ್ಪಿನ ಮಾತು, ಮಂಡಿನೋವಿನ ಮಾತು. ಹಳೆಯದನ್ನು ಕೇಳುವುದಿಲ್ಲ.

ಈ ಸಲವೂ ಹಾಗೇ ಕೂತಿದ್ದರು. ಒಲೆಯ ಮೇಲೆ ಗೆಣಸು ಇತ್ತು. ಇನ್‌ಸುನ್ ತಲೆ ಎತ್ತದೆ, ಎಲೆ ಸವರುತ್ತಲೇ ಹೇಳಿದಳು.

"ನಿದ್ದೆ ಮಾಡ್ತಿದ್ದೆ ಅಕ್ಕಾ."

"ಏನು?"

"ಅವತ್ತು ಕೇಳಿದ್ರಲ್ಲ. ಅಲ್ಲಿ ನೀವಿಲ್ದೆ ಬೇರೆ ಯಾರೋ ಮಾತ್ರ ಇದ್ದಿದ್ರೆ ಅಂತ. ಹಾಗಿದ್ದಿದ್ರೆ ಇಷ್ಟು ವರ್ಷಾನೂ ಚೆನ್ನಾಗಿ ನಿದ್ದೆ ಮಾಡ್ತಿದ್ದೆ."

ಮಿರ್ಯೊಂಗ್ ಕೆಂಪು ಕೈಗಳನ್ನು ತೊಳೆದುಕೊಂಡು, ಮಂಡಿ ಹಿಡಿದು ಎದ್ದು, ಡ್ರಾಯರ್ ಎಳೆದಳು. ಚಮಚಗಳ ನಡುವೆ ನನ್ನನ್ನು ಹುಡುಕಿದಳು. ಹೆಬ್ಬೆರಳು ನನ್ನ ಮೊನೆಯ ಸೀಳಿನ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಪಾತ್ರೆಯ ಮುಚ್ಚಳ ತೆಗೆದು, ದೊಡ್ಡ ಗೆಣಸೊಂದಕ್ಕೆ ನನ್ನನ್ನು ಚುಚ್ಚಿದಳು. ಬಿಸಿಯಿತ್ತು, ಮೆತ್ತಗಿತ್ತು. ನಾನು ತಡೆಯಿಲ್ಲದೆ ಒಳಗಿಳಿದೆ.

"ಬೆಂದಿದೆ," ಎಂದಳು. "ತಟ್ಟೆ ತಾ."