ಬಣ್ಣ ಒರೆಸಿದ ಉಗುರುಗಳು

ಆ ಚರ್ಮದ ಡಾಕ್ಟರಮ್ಮ ರೋಗಿಯ ಮುಖಕ್ಕಿಂತ ಮೊದಲು ಉಗುರು ನೋಡುತ್ತಿದ್ದರು. ಹೊರಗಿನ ಬೆಂಚಿನಲ್ಲಿ ಕಾಯುವವರು ಅವರಿಗೆ ‘ಉಗುರಮ್ಮ’ ಎಂದೇ ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ. ಎಡಕ್ಕೆ ತುಸು ವಾಲಿದ ನಡಿಗೆ, ಮಾತಿಗೊಮ್ಮೆ ‘ಇರಲಿ, ಇರಲಿ’. ಎರಡು ಸಲ ಹರಿದು ಹೊಲಿಸಿದ ಬಿಳಿಕೋಟಿನ ಜೇಬಿನಲ್ಲಿ ದಾರ ಕಟ್ಟಿದ ಭೂತಗನ್ನಡಿ, ಒಂದಿಷ್ಟು ಹತ್ತಿ, ಉಗುರಿನ ಬಣ್ಣ ತೆಗೆಯುವ ದ್ರವದ ಪುಟ್ಟ ಶೀಸೆ. ಟ್ಯೂಬ್‌ಲೈಟನ್ನು ಅವರು ನಂಬುತ್ತಿರಲಿಲ್ಲ; ಬಂದವರನ್ನು ಕೈಹಿಡಿದು ಕಿಟಕಿಗೆ ಕರೆದೊಯ್ದು, ಹಗಲಿನ ಬೆಳಕಿಗೆ ಒಂದೊಂದೇ ಬೆರಳನ್ನು ಓರೆಯಾಗಿ ಹಿಡಿದು, ಜಪಮಣಿ ಎಣಿಸುವವರಂತೆ ನಿಧಾನವಾಗಿ ಮುಂದೆ ಸಾಗುತ್ತಿದ್ದರು.

ನನ್ನ ತಂಗಿ ಹೊಲಿಗೆಯವಳು. ಮೊಣಕೈಯ ಚರ್ಮ ಹೊಟ್ಟಿನಂತೆ ಉದುರತೊಡಗಿ ಆರು ವರ್ಷವಾಗಿತ್ತು. ಹಳದಿಗಟ್ಟಿ ಮೇಲೆದ್ದ ಉಗುರನ್ನು ನೀರಿನಲ್ಲಿ ಕೆಲಸ ಮಾಡಿ ಹಿಡಿದ ಹುಳುಕೆಂದುಕೊಂಡು ಅಂಗಡಿಯ ಮುಲಾಮು ಹಚ್ಚುತ್ತ ಬಂದಿದ್ದೆವು. ಈಚೆಗೆ ಅವಳು ಬೆಳಗ್ಗೆ ಸೂಜಿ ಹಿಡಿದು, ದಾರ ಪೋಣಿಸದೆ, ಸುಮ್ಮನೆ ಕುಳಿತಿರುವುದನ್ನು ಕಂಡೆ. ಕೇಳಿದರೆ ನಿದ್ದೆ ಸಾಲದು ಎನ್ನುತ್ತಿದ್ದಳು. ಕೊನೆಗೆ ಹಟಮಾಡಿ ಈ ಡಾಕ್ಟರಮ್ಮನ ಬಳಿಗೆ ಹೊರಡಿಸಿದೆ. ದೇವರ ಮುಂದೆಯೂ ಡಾಕ್ಟರ ಮುಂದೆಯೂ ಚೊಕ್ಕಟವಾಗಿ ನಿಲ್ಲಬೇಕೆಂದು ನಂಬಿದವಳು ನಾನು. ಹಿಂದಿನ ದಿನವೇ ಅವಳ ಕೈಯುಗುರುಗಳನ್ನು ಬುಡದವರೆಗೆ ಕತ್ತರಿಸಿ, ಉಜ್ಜಿ, ಮೇಲೆ ದಪ್ಪನೆಯ ಕೆಂಪು ಬಣ್ಣ ಬಳಿದೆ.

ಡಾಕ್ಟರಮ್ಮ ಬೈಯಲಿಲ್ಲ. ಯಾರು ಹಚ್ಚಿದ್ದೆಂದು ಕೇಳಿ, ಹತ್ತಿ ತೆಗೆದರು.

“ನಮ್ಮಕ್ಕ. ಹೆಣ್ಣು ನೋಡೋಕೆ ಬರ್ತಾರೇನೋ ಅನ್ನೋ ಹಾಗೆ ಸಿಂಗಾರ ಮಾಡಿದ್ದಾಳೆ,” ಎಂದಳು ತಂಗಿ.

“ಇರಲಿ, ಇರಲಿ. ಸಾಕ್ಷಿ ಅಳಿಸಿ ಕಳ್ಳನ್ನ ಹಿಡೀರಿ ಅಂತ ಬಂದಿದೀರಿ.”

ಬಣ್ಣ ಹೋದಂತೆ ಉಗುರಿನ ಮೇಲೆ ಸೂಜಿಮೊನೆ ಚುಚ್ಚಿದಂಥ ಸಣ್ಣ ಗುಳಿಗಳು ಕಾಣಿಸಿದವು; ಅಡಿಯಲ್ಲಿ ಎಣ್ಣೆಯ ಹನಿ ಇಂಗಿದಂಥ ಕಲೆ. ಶಿಲೀಂಧ್ರವೂ ಸೇರಿದೆಯೇ ಎಂದು ನೋಡಲು ಉಗುರಿನ ಚೂರು ಬೇಕಿತ್ತು. ನಾನು ಒಂದನ್ನೂ ಉಳಿಸಿರಲಿಲ್ಲ. ಪುಣ್ಯಕ್ಕೆ ನನ್ನ ಅಕ್ಕರೆ ಕಾಲಿನವರೆಗೆ ತಲುಪಿರಲಿಲ್ಲ, ಅಲ್ಲಿಂದ ತೆಗೆದರು. ಆಮೇಲೆ, ಇಷ್ಟು ಗುಳಿ ಕಂಡರೆ ಕೀಲುಗಂಟುಗಳನ್ನೂ ವಿಚಾರಿಸಬೇಕೆನ್ನುತ್ತ, ಪ್ರತಿ ಬೆರಳಿನ ತುದಿಗಂಟನ್ನು ಮೆಲ್ಲಗೆ ಒತ್ತಿದರು. ನಡುಬೆರಳಿಗೆ ಬಂದಾಗ ತಂಗಿ ಉಸಿರು ಹಿಡಿದಳು.

“ಬೆಳಗ್ಗೆ ಬೆರಳು ಎಷ್ಟು ಹೊತ್ತು ಬಿಗಿಯಾಗಿರುತ್ತೆ?”

ತಂಗಿ ನನ್ನತ್ತ ನೋಡದೆ ಹೇಳಿದಳು: “ಒಂದು ಗಂಟೆ. ಅಕ್ಕಂಗೆ ಹೇಳಿಲ್ಲ.” ಮತ್ತೆ ಅವಳೇ, “ಕತ್ತರಿ ಬಿಡಬೇಕಾಗುತ್ತಾ ಡಾಕ್ಟ್ರೇ?”

“ಬಿಡಬಾರದು ಅಂತಲೇ ನೋಡ್ತಿದೀನಿ. ಮಾತು ಮಾತ್ರ ಕೊಡೋಲ್ಲ.”

ಮೊಣಕೈಗೂ ಉಗುರಿಗೂ ಬಂದಿರುವುದು ಒಂದೇ ಚರ್ಮರೋಗ, ಸೋರಿಯಾಸಿಸ್; ಗಂಟಿಗೂ ಇಳಿದಿರುವ ಗುಮಾನಿಯಿದೆ ಎಂದು ವಿವರಿಸಿ, ಕೀಲಿನ ಡಾಕ್ಟರಿಗೆ ಚೀಟಿ ಬರೆದು, ಇವತ್ತೇ ಹೋಗಿ ಎಂದರು. ಬರೆಯುವಾಗಲೂ ಅವರ ಎಡಗೈ ತಂಗಿಯ ಬೆರಳುಗಳನ್ನು ಬಿಟ್ಟಿರಲಿಲ್ಲ. ನಾನು ಮನಸ್ಸಿನಲ್ಲೇ ದೇವರನ್ನು ಕರೆಯುತ್ತ ಆ ಎರಡು ಕೈಗಳನ್ನೇ ನೋಡುತ್ತಿದ್ದೆ.

ಸಮಾಧಾನ ಹೇಳುವವರು ಬೇಕಾದಷ್ಟು ಜನ, ನಾನೂ ಅವರಲ್ಲೊಬ್ಬಳು. ಕೇಡು ಇನ್ನೂ ಸೂಜಿಮೊನೆಯಷ್ಟಿರುವಾಗಲೇ ಅದನ್ನು ಬೆಳಕಿಗೆ ಹಿಡಿದು, ಕೈ ಬಿಡದೆ ನಿಲ್ಲುವವರು ಅಪರೂಪ. ಅಂಥವರ ಎದುರು ನಮ್ಮ ಭಯ ತಗ್ಗುವುದಿಲ್ಲ. ಆ ಭಯಕ್ಕೆ ಬಣ್ಣ ಹಚ್ಚುವುದನ್ನು ಮಾತ್ರ ನಿಲ್ಲಿಸುತ್ತೇವೆ.